ಬುದ್ಧಿ ಕೊಳ್ಳಲು ಬಂದ ಮುದುಕ

ಕ್ರಿ.ಪೂ. 423ರ ವಸಂತದಲ್ಲಿ ಅಥೆನ್ಸ್‌ನ ಡಯೊನಿಸಸ್ ಉತ್ಸವದ ಸ್ಪರ್ಧೆಗೆ ಅರಿಸ್ಟೋಫನೀಸ್ ‘ಮೋಡಗಳು’ ಎಂಬ ಹಾಸ್ಯನಾಟಕ ಕೊಟ್ಟ. ಕಣದಲ್ಲಿದ್ದ ಮೂರು ನಾಟಕಗಳಲ್ಲಿ ಅದಕ್ಕೆ ಸಿಕ್ಕಿದ್ದು ಮೂರನೆಯ ಸ್ಥಾನ. ಹಿಂದಿನ ಎರಡು ವರ್ಷವೂ ಬೇರೊಂದು ಉತ್ಸವದಲ್ಲಿ ಮೊದಲ ಬಹುಮಾನ ಹೊಡೆದಿದ್ದ, ಇನ್ನೂ ಮೂವತ್ತು ತುಂಬದ ಕವಿಗೆ ಇದು ನುಂಗಲಾರದ ತುತ್ತಾಯಿತು. ಗೆದ್ದವನು ಮುದುಕ ಕ್ರಟೀನಸ್. ಅವನು ಕುಡಿದು ಕುಡಿದು ಕೆಲಸಕ್ಕೆ ಬಾರದವನಾದ ಎಂದು ಅರಿಸ್ಟೋಫನೀಸ್ ಹಿಂದಿನ ವರ್ಷವಷ್ಟೇ ರಂಗದ ಮೇಲೆ ಹಂಗಿಸಿದ್ದ. ಕ್ರಟೀನಸ್ ಅದಕ್ಕೆ ನಾಟಕದಲ್ಲೇ ಉತ್ತರ ಕೊಟ್ಟ. ಅದರಲ್ಲಿ ಅವನ ಹೆಂಡತಿ ಹಾಸ್ಯಕಲೆ. ಗಂಡ ಹೆಂಡದ ಬುದ್ದಲಿಯ ಸಹವಾಸಕ್ಕೆ ಬಿದ್ದಿದ್ದಾನೆಂದು ಅವಳು ದೂರುತ್ತಾಳೆ. ತನ್ನನ್ನೇ ಗೇಲಿ ಮಾಡಿಕೊಂಡು ಮುದುಕ ಗೆದ್ದ. ಆ ಊರಿನಲ್ಲಿ ಬೈಗುಳಕ್ಕೆ ಬಾಕಿ ತೀರಿಸುತ್ತಿದ್ದುದು ಹೀಗೆ.

ಕನ್ನಡಕ್ಕೆ ಗ್ರೀಕ್ ರಂಗಭೂಮಿ ಬಂದದ್ದು ಬಹುಮಟ್ಟಿಗೆ ರುದ್ರನಾಟಕದ ಬಾಗಿಲಿನಿಂದ. ಬಿಎಂಶ್ರೀ ಅವರ ‘ಅಶ್ವತ್ಥಾಮನ್’, ‘ಪಾರಸಿಕರು’, ಆಮೇಲೆ ಲಂಕೇಶರ ಈಡಿಪಸ್. ಹಾಗಾಗಿ ಗ್ರೀಕ್ ನಾಟಕವೆಂದರೆ ವಿಧಿ, ರಕ್ತ, ಗಾಂಭೀರ್ಯ ಎಂಬುದು ನಮಗೆ ರೂಢಿಯಾಗಿದೆ. ‘ಮೋಡಗಳು’ ನಮ್ಮಲ್ಲಿ ಸುಳಿಯುವುದು ಸಾಕ್ರಟೀಸನ ಸಾವಿನ ಕತೆಗೆ ಒಂದು ಅಡಿಟಿಪ್ಪಣಿಯಾಗಿ ಮಾತ್ರ: ಅವನನ್ನು ಗೇಲಿ ಮಾಡಿ ಜನರ ಮನಸ್ಸು ಕೆಡಿಸಿದ ನಾಟಕ ಎಂದು. ಈ ಆರೋಪದಲ್ಲಿ ಹುರುಳಿಲ್ಲ ಎಂದೇನಲ್ಲ. ಆದರೆ ಇದನ್ನು ಸಾಕ್ರಟೀಸನ ನಾಟಕವೆಂದು ಓದಿದರೆ ಅದರಲ್ಲಿರುವ ಒಳ್ಳೆಯದೆಲ್ಲ ಕೈತಪ್ಪಿಹೋಗುತ್ತದೆ. ಇದು ವಿದ್ಯೆ ಮಾರುವವನಿಗಿಂತ ಹೆಚ್ಚಾಗಿ ಅದನ್ನು ಕೊಳ್ಳಲು ಬಂದವನ ನಾಟಕ.

ಮೊದಲ ದೃಶ್ಯವನ್ನೇ ನೋಡಿ. ಇನ್ನೂ ಬೆಳಕು ಹರಿದಿಲ್ಲ. ಮುದುಕ ಸ್ಟ್ರೆಪ್ಸಿಯಾಡಿಸ್‌ಗೆ ನಿದ್ದೆ ಹತ್ತುತ್ತಿಲ್ಲ. ಆಳಿನ ಕೈಲಿ ದೀಪ ತರಿಸಿ ಸಾಲದ ಲೆಕ್ಕ ತೆಗೆಯುತ್ತಾನೆ. ಕುದುರೆಗೆಂದು ಮಾಡಿದ ಸಾಲ 12 ಮೀನಾ, ರಥ ಮತ್ತು ಗಾಲಿಗೆ 3 ಮೀನಾ. ಒಂದು ಮೀನಾ ಎಂದರೆ 100 ದ್ರಾಕ್ಮಾ. ನುರಿತ ಕೆಲಸಗಾರನ ದಿನಗೂಲಿ ಹೆಚ್ಚುಕಡಿಮೆ ಒಂದು ದ್ರಾಕ್ಮಾ. ಪಕ್ಕದಲ್ಲಿ ಐದು ಕಂಬಳಿ ಹೊದ್ದು ಮಲಗಿದ ಮಗ ಫೈಡಿಪ್ಪಿಡೀಸ್ ಕನಸಿನಲ್ಲೂ ರಥ ಓಡಿಸುತ್ತಿದ್ದಾನೆ. ಅಪ್ಪ ಹಳ್ಳಿಯವನು, ಅಮ್ಮ ಪೇಟೆಯ ದೊಡ್ಡ ಮನೆತನದವಳು, ಮಗನಿಗೆ ಕುದುರೆ ಹುಚ್ಚು ಹತ್ತಿದ್ದು ಅಮ್ಮನ ಕಡೆಯಿಂದ. ಚಂದ್ರ ಕರಗುತ್ತಿದ್ದಾನೆ, ತಿಂಗಳು ತುಂಬಿದರೆ ಬಡ್ಡಿ ಕಟ್ಟಬೇಕು. ಸರಿಯೋ ತಪ್ಪೋ, ಯಾವ ವಾದವನ್ನೂ ಗೆಲ್ಲುವುದನ್ನು ಕಲಿಸುವ ಪಾಠಶಾಲೆಯೊಂದು ಪಕ್ಕದಲ್ಲೇ ಇದೆ. ಸಾಲ ಕೊಟ್ಟವರನ್ನು ಬಾಯಲ್ಲೇ ಮುಳುಗಿಸುವ ವಿದ್ಯೆ ಅಲ್ಲಿ ಸಿಗುತ್ತದಂತೆ.

ಸಾಕ್ರಟೀಸನ ಶಾಲೆಯ ದೃಶ್ಯಗಳು ನಗಿಸುತ್ತವೆ, ನಿಜ. ಚಿಗಟವೊಂದು ಎಷ್ಟು ದೂರ ನೆಗೆಯಿತೆಂದು ಅಳೆಯಲು ಅದರ ಕಾಲನ್ನು ಕರಗಿದ ಮೇಣದಲ್ಲಿ ಅದ್ದಿ, ಮೇಣ ಗಟ್ಟಿಯಾದ ಮೇಲೆ ಆ ಪುಟ್ಟ ಪಾದರಕ್ಷೆಗಳನ್ನು ಕಳಚಿ, ಅದರಿಂದಲೇ ಅಂತರ ಅಳೆಯುತ್ತಾರೆ. ಸೊಳ್ಳೆ ಗುಂಯ್‌ಗುಡುವುದು ಬಾಯಿಂದಲೋ ಹಿಂಬದಿಯಿಂದಲೋ ಎಂಬ ಸಂಶೋಧನೆಯೂ ನಡೆದಿದೆ. ರುದ್ರನಾಟಕಗಳಲ್ಲಿ ದೇವರುಗಳು ಆಕಾಶದಿಂದ ತೂಗಿ ಇಳಿಯುವಂತೆ ಇಲ್ಲಿ ಸಾಕ್ರಟೀಸ್ ಬುಟ್ಟಿಯಲ್ಲಿ ತೂಗಾಡುತ್ತ ಬರುತ್ತಾನೆ. ಆದರೆ ಈ ಸಾಕ್ರಟೀಸ್ ಯಾರು? ಗಾಳಿ, ಸುಳಿ ಎಂದು ವಿಶ್ವವನ್ನು ವಿವರಿಸುವಾಗ ಅವನು ನಿಸರ್ಗಚಿಂತಕರಾದ ಅನಕ್ಸಾಗೊರಾಸ್ ಮತ್ತು ಅಪೊಲೋನಿಯಾದ ಡಯೋಜಿನೀಸ್‌ನ ಕೂಟದವನು. ಸೋಲುವ ವಾದವನ್ನು ಗೆಲ್ಲಿಸುವಾಗ, ದುಡ್ಡಿಗೆ ವಿದ್ಯೆ ಕಲಿಸುತ್ತಿದ್ದ ಪ್ರೊಟಾಗೊರಾಸನ ವಂಶದವನು. ಹಿಂದಿನ ವರ್ಷ ಡೀಲಿಯಮ್ ಯುದ್ಧದಲ್ಲಿ ಕಾಲಾಳಾಗಿ ನಿಂತಿದ್ದ, ಬರಿಗಾಲಲ್ಲಿ ಸಂತೆಬೀದಿ ಸುತ್ತುತ್ತಿದ್ದ ನಿಜವಾದ ಸಾಕ್ರಟೀಸನಿಂದ ನಾಟಕಕಾರ ತೆಗೆದುಕೊಂಡದ್ದು ಹೆಸರು, ನಡಿಗೆ, ಬಡತನ, ಇಷ್ಟೇ. ವ್ಯಂಗ್ಯಚಿತ್ರವಾಗಿ ಇದು ಸೋಮಾರಿ ಕೆಲಸ: ಒಂದೇ ಬೊಂಬೆಗೆ ಊರಿನ ಬುದ್ಧಿವಂತರನ್ನೆಲ್ಲ ತೊಡಿಸಿ ಹೊಡೆದಂತೆ.

ಕೊಳ್ಳಲು ಬಂದ ಮುದುಕನ ವಿಷಯದಲ್ಲಿ ಮಾತ್ರ ಕವಿಯ ಕಣ್ಣು ಎಲ್ಲೂ ಸಡಿಲವಾಗುವುದಿಲ್ಲ. ಶಾಲೆಯಲ್ಲಿ ಭೂಪಟ ತೋರಿಸಿದರೆ, ನ್ಯಾಯಾಧಿಕಾರಿಗಳು ಕೂತಿರುವುದು ಕಾಣುತ್ತಿಲ್ಲವಾದ್ದರಿಂದ ಅದು ಅಥೆನ್ಸ್ ಆಗಿರಲಾರದು ಎನ್ನುತ್ತಾನೆ. ಸ್ಪಾರ್ಟಾ ಇಷ್ಟು ಹತ್ತಿರವಿರುವುದನ್ನು ಕಂಡು ದೂರ ಸರಿಸಿ ಎಂದು ಗೋಗರೆಯುತ್ತಾನೆ. ಸ್ಪಾರ್ಟಾದೊಂದಿಗಿನ ಯುದ್ಧಕ್ಕೆ ಆಗ ಎಂಟು ವರ್ಷ. ನೋಡಲು ಕೂತವರ ಹೊಟ್ಟೆಯಲ್ಲಿ ಆ ನಗು ಸ್ವಲ್ಪ ಚುಚ್ಚಿರಲೇಬೇಕು. ಸ್ವತಂತ್ರವಾಗಿ ಯೋಚಿಸು ಎಂದು ಸಾಕ್ರಟೀಸ್ ಮಂಚದ ಮೇಲೆ ಮಲಗಿಸಿದರೆ ಅವನ ತಲೆ ಓಡುವುದೆಲ್ಲ ಒಂದೇ ಕಡೆ: ಮಾಟಗಾತಿಯ ಕೈಲಿ ಚಂದ್ರನನ್ನು ಇಳಿಸಿ ಡಬ್ಬಿಯಲ್ಲಿ ಮುಚ್ಚಿಟ್ಟರೆ ತಿಂಗಳೇ ಹುಟ್ಟದು, ಬಡ್ಡಿಯೂ ಏರದು! ಇವನಿಗೆ ಬೇಕಾದದ್ದು ವಿದ್ಯೆಯಲ್ಲ, ವಿದ್ಯೆಯ ಹೆಸರಿನಲ್ಲಿ ಸಿಗುವ ಒಂದು ಕಳ್ಳದಾರಿ. ಅದನ್ನು ಅವನು ಒಮ್ಮೆಯೂ ಮುಚ್ಚಿಡುವುದಿಲ್ಲ. ಅವನ ಮೇಲೆ ಪ್ರೀತಿ ಹುಟ್ಟುವುದೂ ಅದಕ್ಕೇ.

ಮುದುಕನ ತಲೆಗೆ ಏನೂ ಹತ್ತದೆ ಮಗನನ್ನು ಶಾಲೆಗೆ ಅಟ್ಟಿದ ಮೇಲೆ ನ್ಯಾಯವಾದ ಮತ್ತು ಅನ್ಯಾಯವಾದ ಇಬ್ಬರೂ ಮೈತಳೆದು ಬಂದು ಜಗಳವಾಡುತ್ತಾರೆ. ನ್ಯಾಯವಾದ ಹಳೆಯ ಕಾಲದ ಶಿಸ್ತು, ಸಂಗೀತ, ವ್ಯಾಯಾಮವನ್ನು ಹೊಗಳುತ್ತಾನೆ. ಹೊಗಳುತ್ತ ಹೊಗಳುತ್ತ ಹುಡುಗರ ಮೈಮಾಟದ ವರ್ಣನೆಯಲ್ಲಿ ಬಾಯಿ ನೀರೂರಿಸುತ್ತಾನೆ. ಅರಿಸ್ಟೋಫನೀಸ್ ಸಂಪ್ರದಾಯವಾದಿ ಎಂದು ಸಲೀಸಾಗಿ ಹೇಳುವವರು ಈ ಜಾಗದಲ್ಲಿ ಸ್ವಲ್ಪ ನಿಲ್ಲಬೇಕು. ಅನ್ಯಾಯವಾದ ಗೆಲ್ಲುವ ರೀತಿಯೂ ವಿಚಿತ್ರ: ವಕೀಲರು ಎಂಥವರು, ದುರಂತಕವಿಗಳು ಎಂಥವರು, ರಾಜಕಾರಣಿಗಳು ಎಂಥವರು ಎಂದು ಒಂದೊಂದಾಗಿ ಕೇಳುತ್ತಾನೆ. ಇಲ್ಲಿ ಬರೆಯಲು ಸಂಕೋಚವಾಗುವ ಒಂದೇ ಬೈಗುಳ ಎಲ್ಲದಕ್ಕೂ ಉತ್ತರ. ಕೊನೆಗೆ ಪ್ರೇಕ್ಷಕರತ್ತ ಕೈತೋರಿಸಿ ಇವರಲ್ಲಿ ಯಾರು ಹೆಚ್ಚು, ಎಣಿಸು ಎನ್ನುತ್ತಾನೆ. ನ್ಯಾಯವಾದ ಕಣ್ಣಾಡಿಸಿ, ಸೋತೆ ಎಂದು ಮೇಲಂಗಿ ಕಿತ್ತೆಸೆದು ಆ ಕಡೆಗೇ ಜಿಗಿಯುತ್ತಾನೆ. ಹೀಗೆ ತಲೆ ಎಣಿಸಿಕೊಂಡ ಜನ ಮೂರನೆಯ ಸ್ಥಾನ ಕೊಟ್ಟರೆ ಆಶ್ಚರ್ಯವೇನು ಎನ್ನೋಣವೆಂದರೆ ಒಂದು ತೊಡಕಿದೆ. ನಮಗೆ ಉಳಿದಿರುವುದು ಅಂದು ಆಡಿದ ಪಠ್ಯವಲ್ಲ. ಸೋಲಿನ ನಂತರ ಕವಿ ತಿದ್ದಲು ಹೊರಟ, ರಂಗಕ್ಕೆ ಬಾರದೇ ಹೋದ ಪಠ್ಯ. ಹಳೆಯ ಟಿಪ್ಪಣಿಕಾರರ ಪ್ರಕಾರ ಈ ವಾಗ್ವಾದ, ಕವಿಯೇ ಪ್ರೇಕ್ಷಕರನ್ನು ತರಾಟೆಗೆ ತೆಗೆದುಕೊಳ್ಳುವ ಭಾಗ, ಮತ್ತು ಕೊನೆಯ ಬೆಂಕಿ ಹೊಸದಾಗಿ ಬರೆದವು.

ಆ ಬೆಂಕಿಯೇ ನನ್ನ ತಕರಾರು. ಪಾಠ ಕಲಿತ ಮಗ ಊಟದ ಹೊತ್ತಿನಲ್ಲಿ ಹಾಡಿನ ವಿಷಯಕ್ಕೆ ಜಗಳ ತೆಗೆದು ಅಪ್ಪನನ್ನು ಥಳಿಸುತ್ತಾನೆ, ಥಳಿಸಿದ್ದು ನ್ಯಾಯವೆಂದು ಸಾಧಿಸುತ್ತಾನೆ. ಚಿಕ್ಕಂದಿನಲ್ಲಿ ನನ್ನ ಒಳ್ಳೆಯದಕ್ಕೆ ಹೊಡೆದೆಯಲ್ಲ, ಮುಪ್ಪು ಎರಡನೆಯ ಬಾಲ್ಯವಲ್ಲವೇ? ಅಪ್ಪ ಇದನ್ನು ಒಪ್ಪಿಬಿಡುತ್ತಾನೆ! ಮೈಮೇಲೆ ಬಾಸುಂಡೆ ಎದ್ದಿದ್ದರೂ ವಾದ ಸರಿಯಾಗಿದೆ ಎಂದು ವಯಸ್ಸಾದ ಪ್ರೇಕ್ಷಕರಿಗೆ ಹೇಳುತ್ತಾನೆ. ಅಮ್ಮನಿಗೂ ಹೊಡೆಯುತ್ತೇನೆ ಎಂದಾಗಲೇ ಅವನು ಕುಸಿಯುವುದು. ಮೋಸ ಮಾಡಿದಿರಲ್ಲ ಎಂದು, ನಾಟಕದ ಮೇಳವಾಗಿ ಬಂದ, ಆ ಶಾಲೆಯ ದೇವತೆಗಳಾದ ಮೋಡಗಳನ್ನು ದೂರಿದರೆ, ಕೆಟ್ಟದ್ದರತ್ತ ತಿರುಗಿದವನು ನೀನೇ, ಅಂಥವರನ್ನು ಬೀಳಿಸಿ ದೇವರ ಭಯ ಕಲಿಸುವುದೇ ನಮ್ಮ ಕೆಲಸ ಎಂದು ಅವು ಉತ್ತರಿಸುತ್ತವೆ. ಹಾಸ್ಯನಾಟಕ ಇಲ್ಲಿ ರುದ್ರನಾಟಕದ ಕವಿ ಈಸ್ಕಿಲಸ್‌ನ ಎತ್ತರಕ್ಕೆ ಏರಿದೆ. ಮುದುಕ ಕೂಡ ತಪ್ಪು ತನ್ನದೆಂದು ಒಪ್ಪುತ್ತಾನೆ. ಒಪ್ಪಿದ ಮರುಗಳಿಗೆಯಲ್ಲೇ ಪಂಜು ಹಿಡಿದು ಮಾಡು ಹತ್ತಿ ಶಾಲೆಗೆ ಬೆಂಕಿ ಇಡುತ್ತಾನೆ. ಗಿರಾಕಿಯ ಪಾಪಕ್ಕೆ ಅಂಗಡಿ ಸುಟ್ಟಿತು, ನಾಟಕ ಅವನ ಬೆನ್ನು ತಟ್ಟಿತು. ಹಾಸ್ಯಾಸ್ಪದವೆಂದರೆ, ಮುದುಕರ ಕೈಲಿ ದೊಣ್ಣೆ ಆಡಿಸಿ, ಪಂಜು ಹಿಡಿದು ನುಗ್ಗಿಸಿ ಅಗ್ಗದ ನಗು ಗಿಟ್ಟಿಸುವವನು ನಾನಲ್ಲ ಎಂದು ಕವಿ ನಡುವೆ ಜಂಭ ಕೊಚ್ಚಿಕೊಂಡಿರುವುದೂ ಇದೇ ನಾಟಕದಲ್ಲಿ.

24 ವರ್ಷಗಳ ನಂತರ, ಕ್ರಿ.ಪೂ. 399ರಲ್ಲಿ, ಸಾಕ್ರಟೀಸನ ಮೇಲೆ ಮೊಕದ್ದಮೆ ಬಂತು: ಊರಿನ ದೇವರನ್ನು ಒಪ್ಪುವುದಿಲ್ಲ, ಹೊಸ ದೈವಗಳನ್ನು ತರುತ್ತಾನೆ, ಯುವಕರನ್ನು ಕೆಡಿಸುತ್ತಾನೆ. ಮೂರೂ ‘ಮೋಡಗಳು’ ನಾಟಕದಲ್ಲಿ ಇವೆ. ತೀರ್ಪು ಕೊಡಲು ಕೂರುವವರಿಗೆ 30 ತುಂಬಿರಬೇಕು ಎಂಬ ನಿಯಮವಿತ್ತು. ಹಾಗಾಗಿ ಅಲ್ಲಿದ್ದ ಕೆಲವರು ಆ ಬುಟ್ಟಿಯ ಕತೆ ಕೇಳಿಯೇ ಬೆಳೆದವರು. ಶಿಷ್ಯ ಪ್ಲೇಟೋ ಬರೆದ ಸಮರ್ಥನೆಯಲ್ಲಿ ಸಾಕ್ರಟೀಸ್ ಅರಿಸ್ಟೋಫನೀಸನ ಹೆಸರೆತ್ತಿಯೇ ಅವನ ನಾಟಕದ ಮಾತು ಹೇಳುತ್ತಾನೆ. ಆದರೂ ವಿಷದ ಬಟ್ಟಲನ್ನು ನಾಟಕದ ಕೈಗೆ ಕೊಡುವುದು ಅತಿ. ಕ್ರಿ.ಪೂ. 404ರಲ್ಲಿ ಸ್ಪಾರ್ಟಾದೆದುರು ಅಥೆನ್ಸ್‌ನ ಸೋಲು, ಆಮೇಲೆ ಮೂವತ್ತು ಜನರ ರಕ್ತದಾಡಳಿತ, ಅದರ ಮುಖಂಡ ಕ್ರಿಟಿಯಾಸ್ ಒಮ್ಮೆ ಸಾಕ್ರಟೀಸನ ಒಡನಾಡಿಯಾಗಿದ್ದದ್ದು, ಇವೆಲ್ಲ ನಡುವೆ ಬಂದುಹೋಗಿವೆ.

ಪ್ಲೇಟೋ ಕೊಟ್ಟ ನಿಜವಾದ ಉತ್ತರ ಬೇರೆ ಕಡೆ ಇದೆ. ‘ಪ್ರೊಟಾಗೊರಾಸ್’ ಸಂವಾದವೂ ಬೆಳಕು ಹರಿಯುವ ಮೊದಲೇ ಶುರುವಾಗುತ್ತದೆ. ಹಿಪ್ಪೊಕ್ರಟೀಸ್ ಎಂಬ ಹುಡುಗ (ವೈದ್ಯನಲ್ಲ) ಕೋಲಿನಿಂದ ಸಾಕ್ರಟೀಸನ ಬಾಗಿಲು ಬಡಿದು, ಪ್ರೊಟಾಗೊರಾಸ್ ಊರಿಗೆ ಬಂದಿದ್ದಾನೆ, ಎಷ್ಟು ದುಡ್ಡಾದರೂ ಸರಿ ಅವನ ಶಿಷ್ಯನಾಗಬೇಕು ಎನ್ನುತ್ತಾನೆ. ಸ್ಟ್ರೆಪ್ಸಿಯಾಡಿಸ್ ಕೂಡ ಬಾಗಿಲು ಒದ್ದೇ ಶಾಲೆಗೆ ನುಗ್ಗಿದವನು. ನಿನ್ನ ಸದ್ದಿಗೆ ಒಂದು ಆಲೋಚನೆ ಗರ್ಭಪಾತವಾಯಿತು ಎಂದು ಅಲ್ಲಿನ ಶಿಷ್ಯ ಗದರಿದ್ದ. ಇದು ಕಾಕತಾಳೀಯವೆಂದು ನನಗೆ ಅನ್ನಿಸುವುದಿಲ್ಲ. ಇಲ್ಲಿ ಸಾಕ್ರಟೀಸ್ ಹುಡುಗನನ್ನು ತಡೆದು ಕೇಳುತ್ತಾನೆ: ಏನನ್ನು ಕೊಳ್ಳಲು ಹೊರಟಿದ್ದೀಯ, ಕೊಂಡು ಏನಾಗುತ್ತೀಯ? ಸಂತೆಯಲ್ಲಿ ಕೊಂಡ ಕಾಳನ್ನು ಪಾತ್ರೆಯಲ್ಲಿ ಮನೆಗೊಯ್ದು ತಿಳಿದವರಿಗೆ ತೋರಿಸಬಹುದು. ವಿದ್ಯೆಗೆ ಪಾತ್ರೆಯಿಲ್ಲ, ಕೊಂಡ ಗಳಿಗೆಯಲ್ಲೇ ಅದು ಒಳಗಿಳಿದಾಗಿರುತ್ತದೆ. ಬೆಂಕಿ ಇಟ್ಟು ಅರಿಸ್ಟೋಫನೀಸ್ ಮುಚ್ಚಿಹಾಕಿದ ಪ್ರಶ್ನೆಯನ್ನು ಪ್ಲೇಟೋ ಮೊದಲ ದೃಶ್ಯಕ್ಕೇ ತಂದಿಟ್ಟ. ಅದೂ ಹಾಸ್ಯದ ಸಾಮಗ್ರಿಯಲ್ಲೇ: ಮುಖಕ್ಕೆ ಹೊಡೆದಂತೆ ಕದ ಹಾಕುವ ದ್ವಾರಪಾಲಕ, ಕಂಬಳಿಗಳಲ್ಲಿ ಹೂತುಹೋದ ಇನ್ನೊಬ್ಬ ವಿದ್ಯೆ ಮಾರುವವ ಪ್ರೊಡಿಕಸ್, ಪ್ರೊಟಾಗೊರಾಸ್ ತಿರುಗಿದಾಗೆಲ್ಲ ಎರಡಾಗಿ ಸೀಳಿ ಶಿಸ್ತಾಗಿ ಹಿಂದೆ ಸೇರಿಕೊಳ್ಳುವ ಶಿಷ್ಯಮೇಳ. ಕಾವ್ಯ ಮತ್ತು ತತ್ತ್ವಜ್ಞಾನದ ಜಗಳ ಹಳೆಯದೆಂದು ಬರೆದು ಕವಿಗಳನ್ನು ಆದರ್ಶ ನಗರದಿಂದ ಹೊರಗಟ್ಟಿದವನು ನಾಟಕದಿಂದ ಇಷ್ಟನ್ನು ಸಾಲ ಪಡೆದಿದ್ದಾನೆ.

‘ಸಿಂಪೋಸಿಯಮ್’ ಬರೆಯುವಾಗ ಅವನು ಅರಿಸ್ಟೋಫನೀಸನನ್ನು ಸಾಕ್ರಟೀಸನ ಜೊತೆ ಒಂದೇ ಔತಣಕೂಟದಲ್ಲಿ ಕೂರಿಸುತ್ತಾನೆ. ಬಿಕ್ಕಳಿಕೆ ಬರಿಸಿ ಸರದಿ ತಪ್ಪಿಸುತ್ತಾನೆ. ಇದು ಸಣ್ಣ ಸೇಡು. ಆಮೇಲೆ ಅವನ ಬಾಯಿಂದ, ಮನುಷ್ಯರು ಒಮ್ಮೆ ನಾಲ್ಕು ಕೈ ನಾಲ್ಕು ಕಾಲಿನ ಗುಂಡನೆಯ ಜೀವಿಗಳಾಗಿದ್ದು, ಸ್ಯೂಸ್ ದೇವ ಸೀಳಿದ ಮೇಲೆ ತಮ್ಮ ಇನ್ನರ್ಧವನ್ನು ಹುಡುಕುತ್ತಿದ್ದಾರೆ ಎಂಬ ಕತೆ ಹೇಳಿಸುತ್ತಾನೆ. ಆ ಕೃತಿಯಲ್ಲಿ ಓದುಗರು ಎಲ್ಲಕ್ಕಿಂತ ಹೆಚ್ಚು ನೆನಪಿಟ್ಟುಕೊಂಡಿರುವ ಭಾಗ ಅದು. ಪ್ಲೇಟೋ ತನ್ನ ಗುರುವಿನ ಎದುರಾಳಿಗೆ ಅಷ್ಟು ಒಳ್ಳೆಯ ಮಾತು ಕೊಟ್ಟ. ‘ಮೋಡಗಳು’ ನಾಟಕದ ಸಾಕ್ರಟೀಸನಿಗೆ ಅಂಥ ಒಂದು ಮಾತೂ ಸಿಕ್ಕಿಲ್ಲ.