ಚೋಮನ ಸಾಲದ ಲೆಕ್ಕ

ಚೋಮನ ಕನಸಿನ ಬಗ್ಗೆ, ಅವನ ದುಡಿಯ ನಾದದ ಬಗ್ಗೆ ನಮ್ಮ ವಿಮರ್ಶಕರು ಬೇಕಾದಷ್ಟು ಬರೆದಿದ್ದಾರೆ. ಅವನ ಸಾಲದ ಬಗ್ಗೆ ಬರೆದದ್ದು ಕಡಿಮೆ. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಓದಿ ಕಣ್ಣೀರು ಒರೆಸಿಕೊಂಡ ಉಳ್ಳವರ ಮನೆಯ ಓದುಗನಿಗೆ ಸಾಲ ಅನ್ನೋದು ಕಥೆ ಮುಂದಕ್ಕೆ ಸಾಗಲು ಒಂದು ನೆಪ ಅಷ್ಟೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಕೇರಿಗಳಲ್ಲಿ ಕೂತು ಓದುವ ನಮಗೆ ಆ ಕಾದಂಬರಿಯ ಬೆನ್ನೆಲುಬೇ ಸಾಲ.

ಸಂಕಪ್ಪಯ್ಯನ ಜೀತದಾಳು ಚೋಮ ಒಂದು ಜೊತೆ ಎತ್ತು ಸಾಕಿಕೊಂಡಿದ್ದಾನೆ. ಉಳೋದಕ್ಕೆ ಅಂಗೈಯಗಲ ನೆಲ ಇಲ್ಲ. ಘಟ್ಟದ ಕಾಫಿ ತೋಟದಲ್ಲಿ ಹಿಂದೆಂದೋ ಮಾಡಿದ ಸಾಲದ ವಸೂಲಿಗೆ ಮನ್ವೇಲ ಬರುತ್ತಾನೆ. ಮಕ್ಕಳು ತೋಟಕ್ಕೆ ದುಡಿಯಲು ಹೋಗುತ್ತಾರೆ, ಸಾಲ ಮಾತ್ರ ತೀರೋದಿಲ್ಲ. ಯಾಕೆ ತೀರುತ್ತೆ ಹೇಳಿ? ಲೆಕ್ಕದ ಪುಸ್ತಕ ತೋಟದವರ ಕೈಲಿ. ಬರೆಯೋರೂ ಅವರೇ, ಓದಿ ಹೇಳೋರೂ ಅವರೇ. ಬಿ.ವಿ. ಕಾರಂತರು 1975ರಲ್ಲಿ ತೆಗೆದ ಸಿನಿಮಾದಲ್ಲಿ ಈ ಸಾಲ ಕೊನೆಗೆ ಮನ್ನಾ ಆಗುತ್ತೆ. ಯಾವಾಗ? ತೋಟದ ದಣಿ ಚೋಮನ ಮಗಳು ಬೆಳ್ಳಿಯ ಮೇಲೆ ಅತ್ಯಾಚಾರ ಮಾಡಿದ ಮೇಲೆ. ಸಾಲ ಹರಿದರೂ ಚೋಮನಿಗೆ ನೆಲ ಬರಲಿಲ್ಲ. ಲೆಕ್ಕದ ಪುಸ್ತಕ ದಣಿಯ ಮೇಜಿನ ಮೇಲೇ ಉಳಿಯಿತು. ಇದನ್ನು ದುರಂತ, ಕರುಣರಸ ಅಂತ ಕರೆದು ಕೈತೊಳೆದುಕೊಳ್ಳೋ ವಿಮರ್ಶೆ ನಮಗೆ ಬೇಡ. ಇದು ಸಾಲಮನ್ನಾದ ನಿಜವಾದ ವ್ಯಾಕರಣ.

ಆ ಸಿನಿಮಾ ಬಂದ ವರ್ಷವೇ, 1975ರ ಅಕ್ಟೋಬರಿನಲ್ಲಿ, ಜೀತ ರದ್ದತಿಯ ಸುಗ್ರೀವಾಜ್ಞೆ ಬಂತು. 1976ರಲ್ಲಿ ಅದು ಕಾಯ್ದೆಯಾಯಿತು. ಅದೇ ವರ್ಷ ದೇವರಾಜ ಅರಸರ ಸರ್ಕಾರ ಋಣ ಪರಿಹಾರ ಕಾಯ್ದೆ ತಂದು, ಸಣ್ಣ ರೈತರು, ಭೂಹೀನ ಕೂಲಿಗಳು, ದುರ್ಬಲ ವರ್ಗದವರು ಸಾಹುಕಾರರಿಗೆ ಕೊಡಬೇಕಿದ್ದ ಸಾಲವನ್ನು ಹರಿದುಹಾಕಿತು. ಇದು ಸಣ್ಣ ಕೆಲಸ ಅಂತ ನಾವು ಹೇಳೋದಿಲ್ಲ. ಆದರೆ ಸಾಲ ಹರಿದ ಮಾರನೇ ದಿನ ಮಗುವಿಗೆ ಜ್ವರ ಬಂದರೆ ಯಾರ ಬಾಗಿಲಿಗೆ ಹೋಗಬೇಕು ಅನ್ನೋದಕ್ಕೆ ಕಾಯ್ದೆಯಲ್ಲಿ ಉತ್ತರ ಇರಲಿಲ್ಲ. ಭೂಸುಧಾರಣೆಯದೂ ಇಷ್ಟೇ. 1974ರ ತಿದ್ದುಪಡಿ ಉಳುವ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಚೋಮ ಗೇಣಿದಾರನಲ್ಲ, ಜೀತದಾಳು. ಅವನು 1974ರವರೆಗೆ ಬದುಕಿದ್ದರೂ ಫಾರಂ 7 ತುಂಬಲು ಅವನ ಹತ್ತಿರ ಏನೂ ಇರುತ್ತಿರಲಿಲ್ಲ.

ಆಮೇಲೆ ಬಂದ ಸಾಲಮನ್ನಾಗಳನ್ನು ಓದಿ. 2017ರಲ್ಲಿ ಸಿದ್ದರಾಮಯ್ಯನವರ ಸರ್ಕಾರ ಸಹಕಾರ ಸಂಘಗಳ ಅಲ್ಪಾವಧಿ ಬೆಳೆಸಾಲದಲ್ಲಿ 50 ಸಾವಿರದವರೆಗೆ ಮನ್ನಾ ಮಾಡಿತು. 2018ರಲ್ಲಿ ಕುಮಾರಸ್ವಾಮಿಯವರು ಇನ್ನೂ ದೊಡ್ಡ ಮನ್ನಾ ಘೋಷಿಸಿದರು. ಎರಡಕ್ಕೂ ಬಾಗಿಲು ಒಂದೇ: ಪಹಣಿ. ಭದ್ರಾ ನಾಲೆಯ ನೀರಲ್ಲಿ ಅಡಿಕೆ, ಭತ್ತ ಬೆಳೆಯುವ ಚನ್ನಗಿರಿ, ಹೊನ್ನಾಳಿಯ ಗೌಡರಿಗೆ ಸೊಸೈಟಿಯಲ್ಲಿ ಖಾತೆ ಇದೆ, ಅವರಿಗೆ ಸಿಕ್ಕಿತು. ಮಳೆ ನಂಬಿದ ಜಗಳೂರಿನ ಸಣ್ಣ ಹಿಡುವಳಿಯವನಿಗೂ ಅಷ್ಟಿಷ್ಟು ಸಿಕ್ಕಿರಬಹುದು, ಸಿಗಲಿ. ಅದೇ ಅಡಿಕೆ ಸುಲಿಯುವ, ನಾಟಿ ಹಾಕುವ ಹೆಣ್ಣುಮಗಳಿಗೆ? ಅವಳ ಸಾಲ ಸೊಸೈಟಿ ಪುಸ್ತಕದಲ್ಲಿ ಇಲ್ಲ. ಅದು ಕೈಗಡ, ಗಿರವಿ, ಸಂಘದ ಕಂತು, ಕಾಫಿ ಕೊಯ್ಲಿಗೆ ಘಟ್ಟ ಹತ್ತುವ ಮುಂಚೆ ಮೇಸ್ತ್ರಿ ಕೊಟ್ಟ ಮುಂಗಡ. ತಾಂಡಾದವರು ಕುಟುಂಬ ಸಮೇತ ತೋಟಕ್ಕೆ ಹೋಗೋದನ್ನು ಕಂಡವರಿಗೆ ಮನ್ವೇಲನನ್ನು ಪರಿಚಯ ಮಾಡಿಸಬೇಕಾಗಿಲ್ಲ.

ಭೂಹೀನರ ಹೆಸರು ಹೇಳಿದ ಕಾಯ್ದೆಯೂ ಇದೆ. 2018ರ ಋಣ ಪರಿಹಾರ ಕಾಯ್ದೆ 2019ರ ಜುಲೈನಲ್ಲಿ ಜಾರಿಗೆ ಬಂತು. ವರ್ಷಕ್ಕೆ 1 ಲಕ್ಷ 20 ಸಾವಿರದೊಳಗೆ ಆದಾಯ ಇರುವ ದುರ್ಬಲರ ಖಾಸಗಿ ಸಾಲ ಮನ್ನಾ ಅಂತ ಅದರ ಮಾತು. ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಬೇಕಿತ್ತು, ಸಾಲ ಇದೆ ಅಂತ ತೋರಿಸಬೇಕಿತ್ತು. ಬಾಯಿಮಾತಿನ ಸಾಲಕ್ಕೆ, ಖಾಲಿ ಹಾಳೆ ಮೇಲೆ ಒತ್ತಿಸಿಕೊಂಡ ಹೆಬ್ಬೆಟ್ಟಿಗೆ ಯಾವ ದಾಖಲೆ ತೋರಿಸಬೇಕಿತ್ತು ಸ್ವಾಮಿ? ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಗಳನ್ನು ಈ ಕಾಯ್ದೆ ಹೊರಗಿಟ್ಟಿದೆ. ಹಾಗಾಗಿ ಮೈಕ್ರೋ ಫೈನಾನ್ಸಿನ ದೊಡ್ಡವರು ಅದಕ್ಕೆ ಸಿಕ್ಕಲಿಲ್ಲ. ಅವರ ಗುಂಪುಸಾಲದಲ್ಲಿ ಒಬ್ಬಾಕೆ ಕಂತು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಸಾಹುಕಾರ ಮಾಡುತ್ತಿದ್ದ ಜಬರ್ದಸ್ತಿಯನ್ನು ಈಗ ಪಕ್ಕದ ಮನೆಯ ಅಕ್ಕನ ಕೈಲೇ ಮಾಡಿಸುತ್ತಾರೆ. ಜನ ಊರು ಬಿಟ್ಟು, ಜೀವ ಬಿಟ್ಟು ಸುದ್ದಿಯಾದ ಮೇಲೆ, 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು. ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಕಿರುಕುಳ ಅಪರಾಧ ಆಯ್ತು, ಕಂತು ಹಾಗೇ ಇದೆ.

ದೇಶಗಳ ಸಾಲದಲ್ಲೂ ಮನ್ವೇಲ ಇದ್ದಾನೆ. ಪಶ್ಚಿಮ ಆಫ್ರಿಕದ ಲೈಬೀರಿಯಾ ನೋಡಿ. 1926ರಲ್ಲಿ ಅಮೆರಿಕದ ಫೈರ್‌ಸ್ಟೋನ್ ಕಂಪನಿ ರಬ್ಬರ್ ತೋಟಕ್ಕೆ 10 ಲಕ್ಷ ಎಕರೆವರೆಗೆ 99 ವರ್ಷದ ಗುತ್ತಿಗೆ ಬರೆಸಿಕೊಂಡಿತು. ಅದರ ಜೊತೆಯಲ್ಲೇ ತನ್ನ ಅಂಗಸಂಸ್ಥೆಯಿಂದ ಆ ದೇಶಕ್ಕೆ 50 ಲಕ್ಷ ಡಾಲರ್ ಸಾಲದ ವ್ಯವಸ್ಥೆ ಮಾಡಿತು. ತೋಟ, ಸಾಲ ಎರಡೂ ಕೈ ಹಿಡಿದುಕೊಂಡೇ ಬಂದವು. ಮುಂದೆ ಬೇರೆಬೇರೆ ಸಾಲಗಳು ಬೆಳೆದವು. ಅಂತರ್ಯುದ್ಧಗಳು 2003ರಲ್ಲಿ ಮುಗಿದ ಮೇಲೆ, ಬಡತನ ನಿವಾರಣೆಯ ಯೋಜನೆ ಬರೆದು ಒಪ್ಪಿಸಿ, ಷರತ್ತುಗಳನ್ನೆಲ್ಲ ಪೂರೈಸಿದ ಬಳಿಕ, 2010ರಲ್ಲಿ ಸುಮಾರು 460 ಕೋಟಿ ಡಾಲರ್ ಪರಿಹಾರ ಸಿಕ್ಕಿತು. ಆ ದಿನವೂ ರಬ್ಬರ್ ತೋಟ ಫೈರ್‌ಸ್ಟೋನಿನ ಕೈಯಲ್ಲೇ ಇತ್ತು.

ನೆಲ ಮತ್ತು ಸಾಲ ಎರಡನ್ನೂ ಒಟ್ಟಿಗೆ ಮುಟ್ಟುವ ಕಾಯ್ದೆ ನಮ್ಮಲ್ಲಿ ಒಂದಿದೆ, 1978ರ ಪಿ.ಟಿ.ಸಿ.ಎಲ್. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಷರತ್ತು ಮುರಿದು ಪರರ ಪಾಲಾಗಿದ್ದರೆ ಬಿಡಿಸಿಕೊಡಬೇಕು ಅನ್ನುತ್ತೆ ಅದು. ಮದುವೆಗೆ, ಕಾಯಿಲೆಗೆ ಸಾಲ ಎತ್ತಿ ಬರೆದುಕೊಟ್ಟ ಹೊಲಗಳು ಇದರಲ್ಲಿ ಎಷ್ಟೋ. ತೀರಾ ತಡವಾಗಿ ಹಾಕಿದ ಅರ್ಜಿ ನಡೆಯೋದಿಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದಾಗ ಈ ಬಾಗಿಲು ಮುಚ್ಚುತ್ತಾ ಬಂತು. ಕಾಲಮಿತಿ ಅಡ್ಡಿಯಾಗಬಾರದು ಅಂತ 2023ರಲ್ಲಿ ಶಾಸನಸಭೆ ತಿದ್ದುಪಡಿ ಮಾಡಿತು. ‘ಚೋಮನ ದುಡಿ’ ಪಾಠ ಮಾಡುವ ಮೇಷ್ಟ್ರುಗಳಲ್ಲಿ ನಮ್ಮದೊಂದು ಮಾತು. ರಸ, ಪಾತ್ರ, ಪ್ರಾದೇಶಿಕತೆ ಎಲ್ಲಾ ಹೇಳಿಕೊಡಿ. ಹಾಗೇ, ಅಜ್ಜನ ಸಾಗುವಳಿ ಚೀಟಿ ಯಾರ ಮನೆಯ ಟ್ರಂಕಿನಲ್ಲಿದೆ ಅಂತ ಹುಡುಗರಿಗೆ ಹುಡುಕಲು ಹೇಳಿ. ಸಿಕ್ಕರೆ ಸರ್ವೆ ನಂಬರ್ ಬರೆದುಕೊಂಡು ತಾಲ್ಲೂಕು ಕಚೇರಿಯಲ್ಲಿ ಈಗಿನ ಪಹಣಿ ತೆಗೆಸಿ, ಅದರಲ್ಲಿ ಯಾರ ಹೆಸರಿದೆ ನೋಡಿ.