ಅಮಾಂಡಾಳ ಐದು ನಿಮಿಷ

ಚಿಲಿಯ ವಿಕ್ತೋರ್ ಹಾರಾ ಬರೆದು ಹಾಡಿದ ‘ತೆ ರೆಕುಯೆರ್ದೊ ಅಮಾಂಡಾ’ ಹಾಡಿನ ಕಥೆಯನ್ನು ಮೂರು ವಾಕ್ಯಗಳಲ್ಲಿ ಹೇಳಿಬಿಡಬಹುದು. ಮಳೆಗೆ ತೊಯ್ದ ಬೀದಿಯಲ್ಲಿ ಅಮಾಂಡಾ ಕಾರ್ಖಾನೆಯತ್ತ ಓಡುತ್ತಾಳೆ. ಅಲ್ಲಿ ಕೆಲಸ ಮಾಡುವ ಮಾನುಯೆಲ್‌ನೊಂದಿಗೆ ಕಳೆಯಲು ಅವಳಿಗಿರುವುದು ಐದೇ ನಿಮಿಷ. ಮುಂದೆ ಅವನು ಬೆಟ್ಟಗಳಿಗೆ ಹೋಗುತ್ತಾನೆ, ತಿರುಗಿ ಬರುವುದಿಲ್ಲ.

1973ರ ಸೆಪ್ಟೆಂಬರ್ 11ರಂದು ಚಿಲಿಯಲ್ಲಿ ಸೇನಾ ದಂಗೆ ನಡೆಯಿತು. ಕೆಲವೇ ದಿನಗಳಲ್ಲಿ ಹಾರಾನನ್ನು ಸಾಂತಿಯಾಗೋದ ಕ್ರೀಡಾಂಗಣದಲ್ಲಿ ಕೂಡಿಹಾಕಿ, ಹಿಂಸಿಸಿ, ಗುಂಡಿಟ್ಟು ಕೊಂದರು. ಇಂದು ಆ ಕ್ರೀಡಾಂಗಣಕ್ಕೆ ಅವನದೇ ಹೆಸರಿದೆ. ಅಂದಿನಿಂದ ಈ ಹಾಡನ್ನು ಅವನ ಸಾವಿನ ಮುನ್ಸೂಚನೆ ಎಂಬಂತೆ ಕೇಳುವ ರೂಢಿಯೂ ಬೆಳೆದಿದೆ. ಮಾನುಯೆಲ್ ಎಂದರೆ ಹಾರಾ, ಅಮಾಂಡಾ ಎಂದರೆ ಅವನ ಮಡದಿ ಜೋನ್. ಈ ಓದು ಸಹಜವೇ. ಆದರೆ ಹಾಡು ಇದಕ್ಕಿಂತ ದೊಡ್ಡದು.

ಮೊದಲನೆಯದಾಗಿ, ಹಾಡು ಬಂದದ್ದು 1969ರ ಆಲ್ಬಮ್ಮಿನಲ್ಲಿ, ದಂಗೆಗೆ ನಾಲ್ಕು ವರ್ಷ ಮುಂಚೆ. ಅಮಾಂಡಾ, ಮಾನುಯೆಲ್ ಎನ್ನುವುದು ಹಾರಾನ ತಂದೆತಾಯಿಯರ ಹೆಸರುಗಳು. ಅವನ ಮಗಳ ಹೆಸರೂ ಅಮಾಂಡಾ. ತಾಯಿ ಊರಿನ ಮದುವೆ, ಸಾವುಗಳಲ್ಲಿ ಜನಪದ ಹಾಡುಗಳನ್ನು ಹಾಡುತ್ತಿದ್ದವಳು. ಹಾಗಾಗಿ ಹಾಡಿನ ಅಮಾಂಡಾಳನ್ನು ಒಬ್ಬ ಹುತಾತ್ಮನ ವಿಧವೆಯನ್ನಾಗಿ ಮಾತ್ರ ನೋಡಿದರೆ ದುಡಿಯುವ ಜನರ ಒಂದು ಇಡೀ ಪರಂಪರೆ ಕಣ್ಮರೆಯಾಗುತ್ತದೆ.

ಎರಡನೆಯದು, ಹಿಂಸೆ ಎಲ್ಲಿಂದ ಶುರುವಾಗುತ್ತದೆ ಎಂಬ ಪ್ರಶ್ನೆ. ಹಾಡಿನಲ್ಲಿ ಬಂದೂಕು ಕಾಣಿಸುವುದಿಲ್ಲ, ಕೊಂದವರು ಯಾರೆಂದೂ ತಿಳಿಯುವುದಿಲ್ಲ. ಕೇಳಿಸುವುದು ಕಾರ್ಖಾನೆಯ ಸೈರನ್. ಪ್ರೇಮಿಗಳನ್ನು ಮೊದಲು ಬೇರ್ಪಡಿಸುವುದು ಅದೇ. ಮಾನುಯೆಲ್ ನಾಶವಾಗುವುದಕ್ಕೂ ಹಿಡಿಯುವುದು ಐದೇ ನಿಮಿಷ, ಆಮೇಲೆ ಅದೇ ಸೈರನ್ ಮತ್ತೆ ಎಲ್ಲರನ್ನೂ ಕೆಲಸಕ್ಕೆ ಕರೆಯುತ್ತದೆ. ಪ್ರೀತಿಗೂ ಸಾವಿಗೂ ಹಾರಾ ಒಂದೇ ಅಳತೆಗೋಲು ಬಳಸುತ್ತಾನೆ. ಬೆಟ್ಟದಲ್ಲಿನ ಕೊಲೆಯನ್ನು ಖಂಡಿಸಿ, ಒಲವಿಗೆ ದಿನಕ್ಕೆ ಐದು ನಿಮಿಷವಷ್ಟೇ ಕೊಡುವ ವ್ಯವಸ್ಥೆಯನ್ನು ಸಹಜವೆಂದು ಒಪ್ಪಿಕೊಳ್ಳಲು ಈ ಹಾಡು ನಮ್ಮನ್ನು ಬಿಡುವುದಿಲ್ಲ.

ಮೂರನೆಯದೇ ನನಗೆ ಮುಖ್ಯವೆನಿಸುತ್ತದೆ. ಸತ್ತವನು ಮಾನುಯೆಲ್, ಹಾಡು ನೆನೆಯುವುದು ಅಮಾಂಡಾಳನ್ನು. ಹೋರಾಟದ ಹಾಡುಗಳು ಸಾಮಾನ್ಯವಾಗಿ ಬಿದ್ದವರ ಹೆಸರು ಕೂಗುತ್ತವೆ, ಉಳಿದವರಿಗೆ ಶಪಥವನ್ನೋ ಕಣ್ಣೀರನ್ನೋ ಹಂಚುತ್ತವೆ. ಇಲ್ಲಿ ಅವೆರಡೂ ಇಲ್ಲ. ಅಮಾಂಡಾ ಅತ್ತಳೇ, ಮರುದಿನ ಏನು ಮಾಡಿದಳು ಎಂದು ಹಾರಾ ಹೇಳುವುದಿಲ್ಲ. ಇದು ಹಾಡಿನ ಕೊರತೆಯೂ ಹೌದು: ಅವಳ ಓಟ, ನಗು, ಒದ್ದೆ ಕೂದಲು ನಮಗೆ ಸಿಗುತ್ತವೆ, ಅವಳ ಮಾತು ಸಿಗುವುದಿಲ್ಲ. ಆದರೂ ಕೊನೆಗೆ ಹಾಡು ಮೊದಲ ಸಾಲುಗಳಿಗೇ ಮರಳುತ್ತದೆ. ಮತ್ತೆ ಅದೇ ಒದ್ದೆ ಬೀದಿ, ಅವಳು ಓಡುತ್ತಲೇ ಇದ್ದಾಳೆ.

ಜೋನ್ ಗಂಡನ ಶವವನ್ನು ತಾನೇ ಗುರುತಿಸಿ ಮಣ್ಣು ಮಾಡಿದಳು. ಧ್ವನಿಮುದ್ರಿಕೆಗಳನ್ನು ದೇಶದಾಚೆ ಸಾಗಿಸಿ ಉಳಿಸಿದಳು. ಕೊಲೆಗಾರರ ಶಿಕ್ಷೆಯನ್ನು ಚಿಲಿಯ ಸುಪ್ರೀಂ ಕೋರ್ಟ್ ಖಾಯಂಗೊಳಿಸಿದ್ದು 2023ರ ಆಗಸ್ಟಿನಲ್ಲಿ, ಐವತ್ತು ವರ್ಷಗಳ ನಂತರ. ಅದೇ ನವೆಂಬರಿನಲ್ಲಿ ಅವಳು ತೀರಿಕೊಂಡಳು. ಹಾಡು ಹೇಳದೆ ಬಿಟ್ಟ ಮರುದಿನ ಎಷ್ಟು ಉದ್ದವಿರಬಹುದೆಂದು ಅವಳ ಬದುಕಿನಿಂದ ಊಹಿಸಬಹುದು.