ಆಧಾರವಿಲ್ಲದ ಅಭಿಮಾನ

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಯಾರು ಬೇಕಾದರೂ ಬರೆಯಬಹುದಾದ ವಿಶ್ವಕೋಶ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ನಮ್ಮ ತರುಣರು ಅದರಲ್ಲಿ ಬರೆಯಬೇಕೆಂಬುದು ನಮ್ಮ ಹಂಬಲ. ಆದರೆ ಹೊಸಬರು ಎಡವುವುದು ಅಭಿಮಾನವನ್ನೇ ಆಧಾರವೆಂದು ಬಗೆಯುವಲ್ಲಿ.

“ಠಾಣೆಯನ್ನಾಳಿದ ಶಿಲಾಹಾರರು ಕನ್ನಡಿಗರು” ಎಂದಷ್ಟೇ ಬರೆದರೆ ಅದು ಮನೆಮಾತು, ಅಳಿಸಿದವರನ್ನು ಕೇಳುವಂತಿಲ್ಲ. ಬದಲಿಗೆ, ಕನ್ಹೇರಿ ಗುಹೆಗಳ 9ನೆಯ ಶತಮಾನದ ಶಾಸನಗಳಲ್ಲಿ ಅವರು ರಾಷ್ಟ್ರಕೂಟ ಅಮೋಘವರ್ಷನ ಸಾಮಂತರಾಗಿ ಕಾಣುತ್ತಾರೆಂದು ಬರೆಯಲಿ. ವಾ. ವಿ. ಮಿರಾಶಿಯವರು ಸಂಪಾದಿಸಿದ, 1977ರಲ್ಲಿ ಪ್ರಕಟವಾದ ಶಿಲಾಹಾರ ಶಾಸನಸಂಪುಟವನ್ನು ತೆರೆದು ನೋಡಿ, ಗ್ರಂಥದ ಹೆಸರು, ಸಂಪಾದಕರು, ವರ್ಷ, ಪುಟಸಂಖ್ಯೆಗಳನ್ನು ಆ ವಾಕ್ಯದ ಕೊನೆಗೇ ಅಡಿಟಿಪ್ಪಣಿಯಾಗಿ ಕೊಡಲಿ. ಮಾತು ಸಣ್ಣದಾಯಿತು, ನಿಜ, ಆದರೆ ಗಟ್ಟಿಯಾಯಿತು.

ದೋಷ ಹೊಸಬರದಷ್ಟೇ ಅಲ್ಲ. ಬಲ್ಲವರು “ಆಧಾರವೆಲ್ಲಿ?” ಎಂದು ಗದರಿಸಿ ಬರೆದದ್ದನ್ನು ಅಳಿಸಿಬಿಟ್ಟರೆ, ಬಂದವನು ಮತ್ತೆ ಇತ್ತ ಸುಳಿಯುವುದಿಲ್ಲ. ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಒಂದೇ ಒಂದು ಅಡಿಟಿಪ್ಪಣಿ ಹಾಕುವುದನ್ನು ತೋರಿಸಿದರೆ ಮುಂದಿನದನ್ನು ಅವನೇ ಹಾಕಿಯಾನು. ಸಂಘದ ವಾಚನಾಲಯದ ಮೇಜು, ಭಾನುವಾರದ ಒಂದು ಗಂಟೆ ಇದಕ್ಕೆ ಸಾಕು.

ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಮರಾಠಿ ಗೆಳೆಯರ ಮುಂದೆ ಈ ಊರಿನ ಕನ್ನಡದ ನಂಟನ್ನು ಹೇಳುವಾಗ, “ಅಪ್ಪ ಹೇಳಿದರು” ಎನ್ನದೆ “ಇಂಥ ಪುಟದಲ್ಲಿದೆ” ಎನ್ನುವಂತಾಗಲಿ.